ಬಿಡಿ, ಹತ್ತು, ನೂರು: ಒಂದು ಮಳೆಮಾಪಕದ ಹಿಂದೆ ಜೂನ್‌ನಿಂದ ದಸರಾವರೆಗೆ

ನಲಿ-ಕಲಿ (ಸರ್ಕಾರಿ ಶಾಲೆಯಲ್ಲಿ 1ರಿಂದ 3ನೇ ತರಗತಿಯವರು ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯುವ ಪದ್ಧತಿ) ಕೊಠಡಿಯಲ್ಲಿ ಹವಾಮಾನ ನಕ್ಷೆ ಅಂತ ಒಂದು ಇರುತ್ತದೆ. ಬಿಸಿಲು, ಮೋಡ, ಮಳೆ, ಗಾಳಿಯ ಚಿತ್ರಗಳು. ಬೆಳಿಗ್ಗೆ ಒಂದು ಮಗು ಹೋಗಿ ಅವತ್ತಿನ ಚಿತ್ರ ತೋರಿಸಬೇಕು. ಬಯಲುಸೀಮೆಯಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಮಲೆನಾಡಿನ ನಮ್ಮ ಹೊಸನಗರದ ಕಡೆ ಮಾತ್ರ ಜೂನ್ ಎರಡನೇ ವಾರ ಮಳೆಯ ಚಿತ್ರಕ್ಕೆ ಬಂದರೆ ಸೆಪ್ಟೆಂಬರ್‌ವರೆಗೆ ಅದನ್ನು ಬದಲಿಸುವ ಕೆಲಸವೇ ಇಲ್ಲ. ಮಕ್ಕಳು ಆ ಕಡೆ ತಿರುಗಿ ನೋಡುವುದನ್ನೂ ಬಿಡುತ್ತಾರೆ. ಮಳೆ ಇದೆಯಾ ಇಲ್ವಾ ಅನ್ನೋದು ಇಲ್ಲಿ ಪ್ರಶ್ನೆಯೇ ಅಲ್ಲ. ಎಷ್ಟು ಅನ್ನೋದು ಪ್ರಶ್ನೆ. ಹಾಗಾಗಿ ಈ ಸಲ ಮೊದಲ ಅವಧಿ ಪೂರ್ತಿ ಒಂದು ಮಳೆಮಾಪಕದ ಹಿಂದೆ ಬಿದ್ದೆವು. ಮಾಡಿದ್ದು, ಕೆಟ್ಟಿದ್ದು, ಸರಿ ಮಾಡಿದ್ದು ಎಲ್ಲ ಇಲ್ಲಿ ಬರೆದಿಡುತ್ತಿದ್ದೇನೆ. ಯಾರಾದರೂ ಮಾಡುವುದಾದರೆ ಉಪಯೋಗಕ್ಕೆ ಬರಲಿ. ಮೃಗಶಿರ, ಆರಿದ್ರಾ ಅಂತ ತಲೆಬರಹದಲ್ಲಿ ಬರುವುದೆಲ್ಲ ಮಳೆ ನಕ್ಷತ್ರಗಳ ಹೆಸರು.

ನಮ್ಮದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. 1ರಿಂದ 5. ಇಬ್ಬರೇ ಶಿಕ್ಷಕರು. 1ರಿಂದ 3 ನಲಿ-ಕಲಿ ನನಗೆ, 4 ಮತ್ತು 5 ಮುಖ್ಯ ಶಿಕ್ಷಕಿ ಮೇಡಂಗೆ. ಹೆಂಚಿನ ಕಟ್ಟಡ, ಎದುರಿಗೆ ಅಂಗಳ, ಅಂಗಳದ ನಡುವೆ ಧ್ವಜಕಂಬ, ಹಿಂದೆ ಅಡಿಕೆ ತೋಟ.

ಮಳೆಮಾಪಕ ಅಂಗಡಿಯಲ್ಲೂ ಸಿಗುತ್ತದೆ. ಪ್ಲಾಸ್ಟಿಕ್ಕಿನದು, ಮಿಲಿಮೀಟರ್ ಗೆರೆ ಅಚ್ಚಾಗಿರುತ್ತದೆ. ತರೋಣ ಅಂತ ಮೇಡಂ ಹೇಳಿದರು. ನನಗೆ ಅದು ಬೇಡವಾಗಿತ್ತು. ಗೆರೆ ನೋಡಿ 37 ಅಂತ ಓದುವುದಕ್ಕೂ, 37ನ್ನು ಕೈಯಾರೆ ಎಣಿಸುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಎರಡನೇ ತರಗತಿ ಮಗುವಿಗೆ ಬೇಕಿರುವುದು ಎಣಿಕೆ. ನಲಿ-ಕಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದಾಗಿನಿಂದ ಹೇಳುತ್ತಾ ಬಂದಿರುವುದೂ ಅದನ್ನೇ ಅಲ್ವಾ, ಮಗುವಿನ ಕೈಗೆ ವಸ್ತು ಕೊಡಿ ಅಂತ. ಬಿಡಿ-ಹತ್ತು ಕಲಿಸೋಕೆ ನಾವು ಕಡ್ಡಿ ಕಂತೆ ಕಟ್ಟುತ್ತೇವೆ, ಹುಣಸೆ ಬೀಜ ಎಣಿಸುತ್ತೇವೆ. ಎಣಿಸಿ ಮುಗಿದ ಮೇಲೆ ಆ ಬೀಜಕ್ಕೆ ಅರ್ಥ ಇಲ್ಲ, ಡಬ್ಬಿಗೆ ವಾಪಸ್. ಮಳೆ ಹಾಗಲ್ಲ. ಅದರ ಲೆಕ್ಕ ಊರಿಗೆಲ್ಲ ಬೇಕು.

ಮೃಗಶಿರ: ಮೊದಲ ಕಟ್ಟು

ಸಾಮಾನು: 5 ಲೀಟರಿನ ನೀರಿನ ಕ್ಯಾನ್ ಒಂದು (ಮದುವೆ ಮನೆಯಿಂದ ಬಂದದ್ದು), ದೊಡ್ಡ ಪ್ಲಾಸ್ಟಿಕ್ ಲಾಳಿಕೆ, ಎಂ-ಸೀಲ್, ಸೊಳ್ಳೆ ಜಾಲರಿಯ ಚೂರು, ನಾಲ್ಕು ಜಂಬಿಟ್ಟಿಗೆ ಕಲ್ಲು. ಲಾಳಿಕೆಯನ್ನು ಕ್ಯಾನಿನ ಬಾಯಿಗೆ ಸಿಕ್ಕಿಸಿದರೆ ಒಂದು ಮಟ್ಟಕ್ಕೆ ಮಳೆಮಾಪಕ ಆಯಿತು. ಅದನ್ನು ಹಾಗೆಯೇ ಇಟ್ಟು ನೋಡಿದೆವು.

ಜಡಿಮಳೆಯಲ್ಲಿ ಕೊಡೆ ಹಿಡಿದು ಪಕ್ಕದಲ್ಲಿ ಕೂತರೆ ಸಮಸ್ಯೆ ಕಣ್ಣಿಗೇ ಕಾಣುತ್ತದೆ. ಹನಿ ಲಾಳಿಕೆಯ ಓರೆಗೆ ಬಡಿದು ಸಿಡಿದು ಹೊರಗೆ ಹಾರುತ್ತದೆ. ಸಣ್ಣ ಮಳೆಗೆ ತೊಂದರೆ ಇಲ್ಲ, ನಮ್ಮ ಮಳೆಗೆ ಆಗಲ್ಲ. ಹವಾಮಾನ ಇಲಾಖೆಯ ಮಾಪಕಗಳಲ್ಲಿ ಲಾಳಿಕೆಯ ಮೇಲೆ ನೇರವಾದ ಗೋಡೆ ಇರುವುದು ಇದಕ್ಕೇ. ಸಿಡಿದದ್ದು ಗೋಡೆಗೆ ಬಡಿದು ಒಳಗೇ ಇಳಿಯಬೇಕು.

ಗೋಡೆಗೆ 160 ಎಂಎಂ ಪಿವಿಸಿ ಪೈಪು ಸಾಕು. ಇಲ್ಲಿ 6 ಇಂಚಿನ ಪೈಪು ಅಂತಾರೆ. ತೋಟ ಇರುವವರ ಮನೆ ಹಿಂದೆ ಒಂದು ತುಂಡು ಬಿದ್ದೇ ಇರುತ್ತದೆ. ಅದರಲ್ಲಿ ಸುಮಾರು 12 ಸೆಂ.ಮೀ. ಎತ್ತರದ ಬಳೆ ಕೊಯ್ಯಬೇಕು. ನೇರವಾಗಿ ಕೊಯ್ಯುವುದಕ್ಕೆ ಒಂದು ಉಪಾಯ: ಪೇಪರ್ ಹಾಳೆಯನ್ನು ಪೈಪಿಗೆ ಸುತ್ತಿ, ಅಂಚಿಗೆ ಅಂಚು ಕೂಡಿಸಿ, ಆ ಅಂಚಿನ ಗುಂಟ ಗೆರೆ ಎಳೆಯಿರಿ. ಹ್ಯಾಕ್ಸಾ ಬ್ಲೇಡನ್ನು ಒಂದೇ ಕಡೆಯಿಂದ ಇಳಿಸಬೇಡಿ, ಪೈಪು ತಿರುಗಿಸುತ್ತಾ ಗೆರೆ ಮೇಲೆ ಸುತ್ತಲೂ ಕೊಯ್ಯುತ್ತಾ ಹೋಗಿ.

ಕೊಯ್ದ ಮೇಲೆ ಮೇಲಂಚು ದಪ್ಪ, ಚಪ್ಪಟೆ ಇರುತ್ತದೆ. ಅದರ ಮೇಲೆ ಬಿದ್ದ ಹನಿ ಅರ್ಧ ಒಳಗೆ, ಅರ್ಧ ಹೊರಗೆ. ಅರ ಹಾಕಿ ಅಂಚನ್ನು ಹೊರಗಡೆಗೆ ಇಳಿಜಾರು ಮಾಡಿ, ಒಳಗಿನ ಅಂಚು ಚೂಪಾಗಬೇಕು. ಆಮೇಲೆ ಮರಳು ಕಾಗದ, ಇಲ್ಲದಿದ್ದರೆ ಮಕ್ಕಳ ಕೈ ಕೊಯ್ಯುತ್ತದೆ. ಬಳೆಯನ್ನು ಲಾಳಿಕೆಯ ಒಳಗೆ ಕೂರಿಸಿ ಸುತ್ತ ಎಂ-ಸೀಲ್ ಮೆತ್ತಿದೆವು. ಇಲ್ಲಿ ಜೋಪಾನ. ಲಾಳಿಕೆಯ ಬಾಯಿ ಬಳೆಗಿಂತ ಅಗಲ ಇದ್ದರೆ ಸುತ್ತ ಒಂದು ಸಂದು ಉಳಿಯುತ್ತದೆ, ಅಲ್ಲಿ ಬಿದ್ದ ನೀರೂ ಕ್ಯಾನಿಗೆ ಇಳಿದರೆ ಲೆಕ್ಕ ಜಾಸ್ತಿ ಬರುತ್ತದೆ. ಹೆಚ್ಚಿಗೆ ಇದ್ದ ಅಂಚನ್ನು ಕತ್ತರಿಸಿ, ಎಂ-ಸೀಲನ್ನು ಹೊರಗೆ ಇಳಿಜಾರಾಗಿ ಮೆತ್ತಬೇಕು. ಜಾಲರಿ ಬಳೆಯ ಒಳಗೆ, ಲಾಳಿಕೆಯ ತೂತಿನ ಮೇಲೆ. ಎಲೆ, ಹುಳ ಬೀಳದಿರಲಿ ಅಂತ. ಆದರೂ ವಾರಕ್ಕೊಮ್ಮೆ ಒಂದು ಮರಗಪ್ಪೆ ಒಳಗೆ ಬಂದು ಕೂರುತ್ತಿತ್ತು. ಅದನ್ನು ಎಬ್ಬಿಸುವುದು ಒಂದನೇ ತರಗತಿಯವರ ಕೆಲಸ, ಬೇರೆ ಯಾರೂ ಮಾಡುವ ಹಾಗಿಲ್ಲ.

ಎಲ್ಲಿ ಇಡುವುದು? ಮರ, ಗೋಡೆ, ಸೂರು ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರ ಇರಬೇಕು ಅನ್ನುವುದು ನಿಯಮ. ನಮ್ಮ ಅಂಗಳದಲ್ಲಿ ಹಾಗೆ ಬಯಲು ಇರುವುದು ಧ್ವಜಕಂಬದ ಹತ್ತಿರ ಮಾತ್ರ. ಬೆಳಿಗ್ಗೆ ಪ್ರಾರ್ಥನೆಗೆ ನಿಲ್ಲುವುದೂ ಅಲ್ಲೇ, ಹಾಗಾಗಿ ಅನುಕೂಲವೇ ಆಯಿತು. ಇಲಾಖೆಯ ಮಾಪಕದ ಬಾಯಿ ನೆಲದಿಂದ 30 ಸೆಂ.ಮೀ. ಎತ್ತರ ಇರುತ್ತದೆ. ನಮ್ಮದು ಸ್ವಲ್ಪ ಜಾಸ್ತಿಯೇ ಆಯಿತು, ಕ್ಯಾನೇ ಅಷ್ಟು ಎತ್ತರ ಇತ್ತು. ಸುತ್ತ ನಾಲ್ಕು ಜಂಬಿಟ್ಟಿಗೆ ಇಟ್ಟು ನಡುವೆ ಕ್ಯಾನ್ ಕೂರಿಸಿದರೆ ಗಾಳಿಗೂ ಬೀಳಲ್ಲ, ದನ ಮೂಗು ಹಾಕಿದರೂ ಬೀಳಲ್ಲ.

ಅಳತೆ ಕೂರಿಸಿದ್ದು

ಇಡೀ ಕೆಲಸದ ಜೀವ ಇಲ್ಲೇ ಇರುವುದು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಬಳೆಯ ಒಳಗಿನ ಅಡ್ಡಳತೆ 15.2 ಸೆಂ.ಮೀ. ಪೈಪಿನ ದಪ್ಪ ಬೇರೆ ಇದ್ದರೆ ಇದೂ ಬೇರೆ ಬರುತ್ತದೆ, ನಿಮ್ಮದನ್ನು ನೀವೇ ಅಳೆಯಿರಿ. ವಿಸ್ತೀರ್ಣ ಸುಮಾರು 181 ಚದರ ಸೆಂ.ಮೀ. ಐದನೇ ತರಗತಿಗೆ ವೃತ್ತದ ಸೂತ್ರ ಇಲ್ಲ, ಬೇಕಾಗಿಯೂ ಇಲ್ಲ. ಗಣಿತದ ಚೌಕುಳಿ ಹಾಳೆ ಮೇಲೆ ಬಳೆ ಇಟ್ಟು ಒಳಗಿನಿಂದ ಪೆನ್ಸಿಲ್ ಸುತ್ತಿಸಿದರು, ಚೌಕ ಎಣಿಸಿದರು, ಅರ್ಧಕ್ಕಿಂತ ಜಾಸ್ತಿ ಇದ್ದರೆ ಒಂದು, ಕಡಿಮೆ ಇದ್ದರೆ ಬಿಟ್ಟರು. ಒಂದು ಗುಂಪಿಗೆ 178 ಬಂತು, ಇನ್ನೊಂದಕ್ಕೆ 184. ಜಗಳ ಆಯಿತು. ನಡುವಿನದು ತಗೊಳ್ಳೋಣ ಅಂತ ಅವರೇ ತೀರ್ಮಾನ ಮಾಡಿದರು, 181 ಬಂತು. ಸೂತ್ರ ಹೇಳುವುದೂ ಅದನ್ನೇ!

ಅಷ್ಟು ಜಾಗದ ಮೇಲೆ 1 ಮಿ.ಮೀ. ನೀರು ನಿಂತರೆ 18.1 ಮಿ.ಲೀ. ಈ ಅಂಕಿ ಎರಡನೇ ತರಗತಿಗೆ ಹೇಳಿದರೆ ಏನೂ ಪ್ರಯೋಜನ ಇಲ್ಲ. ಅದಕ್ಕೆ ಮೆಡಿಕಲ್ ಶಾಪಿನಿಂದ ಸೂಜಿ ಇಲ್ಲದ 20 ಮಿ.ಲೀ. ಸಿರಿಂಜ್ ತಂದು, 18ರ ಗೆರೆಯ ಮೇಲೆ ಕೆಂಪು ಉಗುರು ಬಣ್ಣ ಹಚ್ಚಿದೆವು. ಕೆಂಪು ಗೆರೆವರೆಗೆ ಎಳೆದರೆ ಒಂದು ಸಿರಿಂಜ್. ಒಂದು ಸಿರಿಂಜ್ ಅಂದರೆ ಒಂದು ಮಿಲಿಮೀಟರ್ ಮಳೆ. ಅಷ್ಟೇ. ಬಿಡಿ-ಹತ್ತಿನ ಲೆಕ್ಕದಲ್ಲಿ ಅದು ಬಿಡಿ.

ಹತ್ತಕ್ಕೆ ಏನು? ಸಣ್ಣ ಕೂಲ್‌ಡ್ರಿಂಕ್ಸ್ ಬಾಟಲಿ. ಮಕ್ಕಳೇ ಹತ್ತು ಸಿರಿಂಜ್ ನೀರು ಎಣಿಸಿ ಹಾಕಿ, ನೀರು ನಿಂತ ಮಟ್ಟಕ್ಕೆ ಗೆರೆ ಎಳೆದರು. ಬಾಟಲಿ ಆರಿಸುವಾಗ ಗೆರೆ ಕತ್ತಿನ ಹತ್ತಿರ, ಕಿರಿದಾದ ಕಡೆ ಬರುವ ಹಾಗೆ ನೋಡಿಕೊಳ್ಳಿ. ಅಗಲ ಇರುವ ಕಡೆ ಗೆರೆ ಬಂದರೆ ಒಂದೆರಡು ಮಿ.ಮೀ. ಹೆಚ್ಚುಕಮ್ಮಿಯೂ ತುಂಬಾ ನೀರಾಗುತ್ತದೆ, ಕತ್ತಿನಲ್ಲಿ ಹಾಗಾಗಲ್ಲ. ಹಾಗೆಯೇ 2 ಲೀಟರಿನ ದೊಡ್ಡ ಬಾಟಲಿಗೆ ಹತ್ತರ ಬಾಟಲಿ ಹತ್ತು ಸಲ ಸುರಿದು ಮತ್ತೊಂದು ಗೆರೆ. ಸುಮಾರು 1.8 ಲೀಟರಿಗೆ ಬರುತ್ತದೆ, ಅದೂ ಹೆಗಲ ಹತ್ತಿರವೇ. ಅದು ನೂರು.

ಅಳೆಯುವ ಕ್ರಮ ಹೀಗೆ. ಕ್ಯಾನಿನ ನೀರು ಸ್ಟೀಲ್ ಬೋಗುಣಿಗೆ. ಬೋಗುಣಿಯಿಂದ ಹತ್ತರ ಬಾಟಲಿಗೆ ಗೆರೆವರೆಗೆ. ತುಂಬಿದ ಹತ್ತನ್ನು ನೂರರ ಬಾಟಲಿಗೆ ಸುರಿ, ಗೋಡೆ ಹಲಗೆ ಮೇಲೆ ಒಂದು ಗೀಟು ಹಾಕು. ಇನ್ನು ಹತ್ತು ತುಂಬಲ್ಲ ಅಂದಾಗ ಉಳಿದದ್ದನ್ನು ಸಿರಿಂಜಿನಲ್ಲಿ ಎಣಿಸು. ಮೂರು ಗೀಟು, ಏಳು ಸಿರಿಂಜ್. ಮೂವತ್ತೇಳು. ಕಡ್ಡಿ ಕಂತೆಯಲ್ಲಿ ವಾರಗಟ್ಟಲೆ ಒದ್ದಾಡುತ್ತಿದ್ದ ಒಂದು ಮಗು ಇಲ್ಲಿ ಯಾರೂ ಹೇಳಿಕೊಡದೆ "ಸಾರ್, ಇನ್ನು ಮೂರು ಸಿರಿಂಜ್ ಇದ್ದಿದ್ರೆ ಇನ್ನೊಂದು ಹತ್ತು ಆಗ್ತಿತ್ತು" ಅಂದಿತು. ನಾನು ಕಲಿಕಾ ಏಣಿಯ (ಮಗು ಹಂತ ಹಂತವಾಗಿ ಮುಗಿಸುವ ಪಾಠಗಳ ಪಟ್ಟಿ) ಆ ಮೆಟ್ಟಿಲಿನ ಕಾರ್ಡನ್ನು ಅವತ್ತೇ ಮುಗಿಸಿ ಪ್ರಗತಿ ನೋಟದಲ್ಲಿ ಗುರುತು ಹಾಕಿದೆ.

ಐದನೆಯವರಿಗೆ ಬೇರೆ ಕೆಲಸ. ಜಿಟಿಜಿಟಿ ಮಳೆ ಬಂದ ದಿನ ಒಂದು ಸಿರಿಂಜೂ ತುಂಬಲ್ಲ, 9 ಮಿ.ಲೀ. ಬಂದರೆ ಅರ್ಧ ಮಿಲಿಮೀಟರ್, ದಶಮಾಂಶ ಬಂತು. 2.5 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ಆದರೆ ಮಾತ್ರ ಇಲಾಖೆ ಅದನ್ನು ಮಳೆ ದಿನ ಅಂತ ಲೆಕ್ಕಕ್ಕೆ ತಗೊಳ್ಳುತ್ತದೆ ಅಂತ ಹೇಳಿದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. ಬಟ್ಟೆ ಒಣಗದ ದಿನವೆಲ್ಲ ಮಳೆ ದಿನ ಅಲ್ವಾ ಸಾರ್ ಅಂತ ಕೇಳಿದರು.

ರಿಪೇರಿ ಬಂದದ್ದು ಜಾಸ್ತಿ ಸಿರಿಂಜಿಗೇ. ಒಳಗಿನ ರಬ್ಬರ್ ಬಿಗಿಯಾಗಿ, ಎಳೆದರೆ ಜರ್ಕ್ ಹೊಡೆದು ಗೆರೆ ದಾಟಿ ಹೋಗುತ್ತದೆ. ರಬ್ಬರಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಸ್ವಲ್ಪ ದಿನ ಸರಿ ಇರುತ್ತದೆ. ಆಮೇಲೆ ಹೊಸದು ತರುವುದೇ ವಾಸಿ, ಅಷ್ಟೇನೂ ಬೆಲೆ ಇಲ್ಲ. ಉಗುರು ಬಣ್ಣದ ಗೆರೆ ಮಾತ್ರ ಅವಧಿ ಪೂರ್ತಿ ಅಳಿಸಲಿಲ್ಲ.

ಸೊನ್ನೆ ಮತ್ತು ಗೀಟು

ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30. ನಮ್ಮದು ಪ್ರಾರ್ಥನೆ ಹೊತ್ತು. ಶನಿವಾರ ಬೆಳಗಿನ ಶಾಲೆ, ಅವತ್ತು ಬೇಗ. ಈ ಹೆಚ್ಚುಕಮ್ಮಿಯನ್ನು ನಾವು ಬಿಟ್ಟುಬಿಟ್ಟೆವು, ಆದರೆ ವಹಿಯಲ್ಲಿ ಅಳೆದ ಹೊತ್ತು ಬರೆಯುವುದನ್ನು ಬಿಡಲಿಲ್ಲ. ಭಾನುವಾರಕ್ಕೆ ಶಾಲೆ ಪಕ್ಕದ ಮನೆಯ ನಾಲ್ಕನೇ ತರಗತಿ ಹುಡುಗ ಜವಾಬ್ದಾರಿ ತಗೊಂಡ.

ವಹಿಯಲ್ಲಿ ಒಂದು ನಿಯಮ ಮಾಡಿದೆವು. ಅಳೆದಾಗ ಏನೂ ಇಲ್ಲದಿದ್ದರೆ 0. ಅಳೆಯದೇ ಇದ್ದರೆ ಅಡ್ಡಗೀಟು. ಇದನ್ನು ಹೇಳಿಕೊಡುವುದು ಬಿಡಿ-ಹತ್ತಿಗಿಂತ ಕಷ್ಟ ಆಯಿತು. ನೋಡದೇ ಇದ್ದ ದಿನಕ್ಕೆ ಸೊನ್ನೆ ಹಾಕುವುದು ಮಕ್ಕಳಿಗೆ ತೀರಾ ಸಹಜ. ಏನೂ ಇಲ್ವಲ್ಲ ಸಾರ್, ಅದಕ್ಕೆ ಸೊನ್ನೆ. ಹೊರಗೆ ಜಡಿಮಳೆ ಸುರಿಯುವಾಗ ನಿನ್ನೆಯ ಸೊನ್ನೆ ತೋರಿಸಿ, ನಿನ್ನೆ ಬಿಸಿಲಿತ್ತಾ ಅಂತ ಕೇಳಿದರೆ ಆಗ ಗೊತ್ತಾಗುತ್ತದೆ. ಸೊನ್ನೆಯೂ ಎಣಿಸಿ ಬಂದ ಉತ್ತರ. ದೊಡ್ಡವರೂ ಎಷ್ಟೋ ವಹಿಗಳಲ್ಲಿ ಇದನ್ನು ಕಲಸಿಬಿಡುತ್ತಾರೆ, ಅದಿರಲಿ.

ನಿಂತ ನೀರು ಅಂದರೆ ಸೊಳ್ಳೆ ಅಂತ ಆಶಾ ಕಾರ್ಯಕರ್ತೆ ಅಕ್ಕ ಬಂದು ಕೇಳಿದರು. ಮೊಟ್ಟೆಯಿಂದ ಸೊಳ್ಳೆ ಆಗೋಕೆ ವಾರದ ಮೇಲೆ ಬೇಕು, ನಾವು ದಿನಾ ಖಾಲಿ ಮಾಡುತ್ತೇವೆ, ಮೇಲೆ ಜಾಲರಿ ಇದೆ. ಅಳೆದ ಬಾಟಲಿಗಳನ್ನು ಮಗುಚಿ ಇಡಿ ಅಂತ ಹೇಳಿ ಹೋದರು. ಸರಿಯಾದ ಮಾತು.

ಆರಿದ್ರಾ: ಗೋಡೆ

ಅಂಕಿ ವಹಿಯಲ್ಲೇ ಇದ್ದರೆ ಯಾರು ನೋಡುತ್ತಾರೆ? ಚಾರ್ಟ್ ಪೇಪರ್ ಹಾಕಿದೆವು. ಮಲೆನಾಡಿನ ಮಳೆಗಾಲದಲ್ಲಿ ಚಾರ್ಟ್ ಪೇಪರ್ ನಿಲ್ಲುವುದಿಲ್ಲ, ಎರಡೇ ದಿನಕ್ಕೆ ಹಪ್ಪಳದ ಹಾಗೆ ಸೊಟ್ಟಗಾಯಿತು, ಅಂಟಿಸಿದ ಟೇಪು ಗೋಡೆಯ ಸುಣ್ಣದ ಸಮೇತ ಕಿತ್ತು ಬಂತು. ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದರೆ ಮಕ್ಕಳ ಹೆಗಲು ತಾಗಿ ಅಳಿಸುತ್ತದೆ.

ನಮ್ಮ ಅಡುಗೆ ಅಕ್ಕನ ಮನೆಯಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಸಾಗರ, ಹೊಸನಗರದ ಕಡೆ ದೀವರ ಮನೆಗಳಲ್ಲಿ ಮದುವೆ ಹೊತ್ತಿಗೆ ಗೋಡೆಗೆ ಬರೆಯುವ ಚಿತ್ತಾರ. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ, ಪುಂಡಿ ನಾರಿನ ಕುಂಚ. ನಮ್ಮ ಒದ್ದಾಟ ನೋಡಿ "ಸಾರ್, ಕಾಗದ ಯಾಕೆ, ಗೋಡೆಗೇ ಬಳಿಯೋಣ ಬನ್ನಿ" ಅಂದರು. ಭಾನುವಾರ ಬೆಳಿಗ್ಗೆ ಅವರೂ ಅವರ ಅತ್ತೆಯೂ ಬಂದು, ಒಳಗೋಡೆಯ ಉದ್ದಕ್ಕೂ ಕೆಮ್ಮಣ್ಣಿನ ಪಟ್ಟಿ ಬಳಿದುಕೊಟ್ಟರು.

ಲೆಕ್ಕ ಹೀಗೆ ಹಾಕಿದೆ. ಜೂನ್ ಒಂದರಿಂದ ದಸರಾ ರಜೆವರೆಗೆ ಸುಮಾರು ನಾಲ್ಕು ತಿಂಗಳು. ದಿನಕ್ಕೆ 2 ಸೆಂ.ಮೀ. ಅಗಲ ಕೊಟ್ಟರೆ ಎರಡೂವರೆ ಮೀಟರ್ ಗೋಡೆ ಸಾಕು. ಎತ್ತರಕ್ಕೆ ಯಾವ ಅಳತೆಯನ್ನೂ ಕುಗ್ಗಿಸಲಿಲ್ಲ. 1 ಮಿ.ಮೀ. ಮಳೆಗೆ ಗೋಡೆ ಮೇಲೆ 1 ಮಿ.ಮೀ. ಎತ್ತರ. 37 ಮಿ.ಮೀ. ಬಂದ ದಿನ 3.7 ಸೆಂ.ಮೀ. ಗೀಟು. ಸ್ಕೇಲ್ ಹಿಡಿದು ಹಾಗೆಯೇ ಎಳೆಯುವುದು. ಪ್ರಮಾಣ, ಒಂದು ಸೆಂಟಿಮೀಟರಿಗೆ ಇಷ್ಟು ಅನ್ನುವ ರಗಳೆಯೇ ಇಲ್ಲ. ಸಣ್ಣ ಮಕ್ಕಳ ಜೊತೆ ಇದನ್ನು ಮಾಡುವವರಿಗೆ ನಾನು ಒತ್ತಿ ಹೇಳುವುದು ಇದನ್ನೇ, ಗೋಡೆ ಇದ್ದರೆ ನಿಜವಾದ ಅಳತೆಯಲ್ಲೇ ಬರೆಸಿ.

ಪಕ್ಕದಲ್ಲಿ ಇನ್ನೊಂದು ಕಂಬ. ಅವತ್ತಿನವರೆಗಿನ ಒಟ್ಟು ಮಳೆ, ಅದೂ ನಿಜ ಅಳತೆಯಲ್ಲೇ, ನೆಲದಿಂದ ಮೇಲಕ್ಕೆ. ಆ ಕಂಬದ ಪಕ್ಕ ಮಕ್ಕಳೆಲ್ಲರ ಎತ್ತರ ಗುರುತು ಮಾಡಿ ಹೆಸರು ಬರೆದೆವು. ಇಷ್ಟೇ ಮಾಡಿದ್ದು. ಆಮೇಲೆ ದಿನಾ ಬೆಳಿಗ್ಗೆ ಮಳೆ ಯಾರ ಸೊಂಟಕ್ಕೆ ಬಂತು, ಯಾರ ಕುತ್ತಿಗೆಗೆ ಬಂತು ಅಂತ ನೋಡುವುದೇ ಕೆಲಸ ಆಯಿತು. ಒಂದನೇ ತರಗತಿಯ ಅತಿ ಕುಳ್ಳ ಹುಡುಗಿಯನ್ನು ಮಳೆ ಆರಿದ್ರಾ ಮುಗಿಯುವುದರೊಳಗೆ ದಾಟಿತು. ಅವಳಿಗೆ ಅದು ಬೇಜಾರಿನ ವಿಷಯವೇ ಆಗಲಿಲ್ಲ, "ಸಾರ್, ನಾನು ಮುಳುಗಿದೆ" ಅಂತ ಊರಿಗೆಲ್ಲ ಹೇಳಿಕೊಂಡು ಬಂದಳು. ಆಶ್ಲೇಷದ ಹೊತ್ತಿಗೆ ಮೇಡಂ, ನಾನು ಎಲ್ಲ ಮುಳುಗಿ ಕಂಬ ಬಾಗಿಲ ಮೇಲಿನ ಮಟ್ಟಕ್ಕೆ ಹೋಗಿತ್ತು. ಅಲ್ಲಿಂದ ಮುಂದೆ ಗೀಟು ಎಳೆಯೋಕೆ ಬೆಂಚು ಬೇಕಾಯಿತು.

ಅಕ್ಕಿಹಿಟ್ಟಿನ ಗೀಟಿಗೆ ಒಂದು ಶತ್ರು ಇತ್ತು. ಜಿರಲೆ. ರಾತ್ರಿ ಬಂದು ನೆಕ್ಕಿ ಹೋಗುತ್ತಿತ್ತು, ಬೆಳಿಗ್ಗೆ ನೋಡಿದರೆ ಜೂನ್ 20ರ ಮಳೆ ಅರ್ಧ ಮಾಯ. ಉಳಿದ ಕಡೆ ತೇವಕ್ಕೆ ಬೂಸ್ಟು. ಮನೆಯಲ್ಲಿ ಒಲೆ ಹೊಗೆ ಇರುತ್ತದೆ, ಗೋಡೆ ಬೆಚ್ಚಗಿರುತ್ತದೆ, ಶಾಲೆ ಗೋಡೆಗೆ ಆ ಭಾಗ್ಯ ಇಲ್ಲ. ಅಡುಗೆ ಅಕ್ಕನ ಅತ್ತೆಯೇ ಪರಿಹಾರ ಹೇಳಿದರು, ಅಕ್ಕಿ ಬಿಡಿ, ಜೇಡಿ ಹಾಕಿ ಅಂತ. ಬಿಳಿ ಜೇಡಿಮಣ್ಣು ನೆನೆಸಿ ಸೋಸಿ, ಅದಕ್ಕೆ ನಾನು ಸ್ವಲ್ಪ ಫೆವಿಕಾಲ್ ಬೆರೆಸಿದೆ. ಹಳೆಯ ಗೀಟುಗಳನ್ನೆಲ್ಲ ವಹಿ ನೋಡಿ ಮತ್ತೆ ಎಳೆದೆವು. ವಹಿ ಇದ್ದದ್ದಕ್ಕೆ ಬಚಾವ್.

ಗೋಡೆ ಮೇಲೆ ತಿಂಗಳ ಗೆರೆ ಹಾಕಲಿಲ್ಲ, ಮಳೆ ನಕ್ಷತ್ರದ ಗೆರೆ ಹಾಕಿದೆವು. ಮೇಡಂಗೆ ಮೊದಲು ಅಷ್ಟು ಇಷ್ಟ ಇರಲಿಲ್ಲ, ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ) ಬಂದರೆ ಏನು ಹೇಳೋದು ಅಂತ. ನನ್ನ ಲೆಕ್ಕ ಬೇರೆ. ಮಕ್ಕಳ ಮನೆಯಲ್ಲಿ ಮಳೆ ಮಾತು ನಡೆಯುವುದು ಜೂನ್, ಜುಲೈ ಅಂತ ಅಲ್ಲ. ಆರಿದ್ರಾ ಚೆನ್ನಾಗಾಯ್ತು, ಪುಷ್ಯ ಕೈಕೊಡ್ತು ಅಂತ. ಮೃಗಶಿರ ಜೂನ್ 7-8ಕ್ಕೆ ಹುಟ್ಟುತ್ತದೆ, ಆರಿದ್ರಾ 21-22ಕ್ಕೆ, ಪುನರ್ವಸು ಜುಲೈ 5-6ಕ್ಕೆ, ಪುಷ್ಯ 19-20ಕ್ಕೆ, ಆಶ್ಲೇಷ ಆಗಸ್ಟ್ 2-3ಕ್ಕೆ, ಮಘೆ 16-17ಕ್ಕೆ, ಹುಬ್ಬೆ ತಿಂಗಳ ಕೊನೆಗೆ. ಸೂರ್ಯನ ಲೆಕ್ಕವಾದ್ದರಿಂದ ಪ್ರತಿ ವರ್ಷ ತಾರೀಕು ಹೆಚ್ಚುಕಮ್ಮಿ ಅದೇ. ಹದಿಮೂರು ಹದಿನಾಲ್ಕು ದಿನಕ್ಕೊಂದು ಕೋಣೆ, ಕೂಡುವ ಲೆಕ್ಕಕ್ಕೆ ಹದವಾದ ಅಳತೆ. ಮನೆಯಿಂದ ಗಾದೆ ಕೇಳಿಕೊಂಡು ಬನ್ನಿ ಅಂದದ್ದಕ್ಕೆ ರಾಶಿ ಬಂದವು. ಆದ್ರೆ ಆರಿದ್ರಾ, ಇಲ್ಲದಿದ್ರೆ ದರಿದ್ರ. ಆಶ್ಲೇಷ ಮಳೆ ಈಸಲಾರದ ಹೊಳೆ. ಬಂದ್ರೆ ಮಘೆ, ಹೋದ್ರೆ ಹೊಗೆ. ಎಲ್ಲ ಬರೆದು ಕಲಿಕಾ ಚಪ್ಪರಕ್ಕೆ (ಮಕ್ಕಳ ಕೆಲಸ ತೂಗುಹಾಕಲು ತಲೆ ಮೇಲೆ ಕಟ್ಟಿದ ದಾರಗಳಿಗೆ) ತೂಗುಹಾಕಿದೆವು. ಸಿಆರ್‌ಪಿ ಬಂದವರು ಅದನ್ನೇ ಫೋಟೋ ತೆಗೆದುಕೊಂಡು ಹೋದರು.

ಪುನರ್ವಸು: ನೂರರ ಬಾಟಲಿ

ನೂರರ ಗೆರೆ ಮುಟ್ಟುವುದು ಯಾವಾಗ ಅಂತ ಇಡೀ ಶಾಲೆ ಕಾಯುತ್ತಿತ್ತು. ಎಂಬತ್ತು, ತೊಂಬತ್ತರ ಹತ್ತಿರ ಬಂದು ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ಒಂಬತ್ತು ಹತ್ತು ಆಗಿ ಉಳಿದದ್ದು ಆರು ಸಿರಿಂಜ್ ಬಂದಾಗ, ಬೋಗುಣಿ ಒರೆಸಿ ಹಿಂಡಿದವರೂ ಇದ್ದರು.

ಆಮೇಲೆ ಮಳೆ ರಜೆ ಬಂತು. ಜುಲೈಯಲ್ಲಿ ಈ ಕಡೆ ಇದು ಇದ್ದದ್ದೇ, ಹಳ್ಳ ತುಂಬುತ್ತದೆ, ಕಾಲುಸಂಕ ದಾಟೋಕೆ ಆಗಲ್ಲ, ಜಿಲ್ಲಾಧಿಕಾರಿ ರಜೆ ಕೊಡುತ್ತಾರೆ. ನಮಗೆ ಚಿಂತೆ ಇದ್ದದ್ದು ಕ್ಯಾನಿನದು. 5 ಲೀಟರ್ ಅಂದರೆ 276 ಮಿ.ಮೀ. ಎರಡು ದಿನ ಖಾಲಿ ಮಾಡದಿದ್ದರೆ ತುಂಬಿ ಹರಿಯುವ ಸಾಧ್ಯತೆ ಇತ್ತು. ಫೋನ್ ಮಾಡೋಣ ಅಂದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ.

ಶಾಲೆ ತೆರೆದ ದಿನ ಪಕ್ಕದ ಮನೆ ಹುಡುಗ ಜಗಲಿಯಲ್ಲಿ ಕಾಯುತ್ತಿದ್ದ. ಎದುರಿಗೆ ಕೊರಳವರೆಗೆ ತುಂಬಿದ ನೂರರ ಬಾಟಲಿ, ಬಾಯಿಗೆ ಪ್ಲಾಸ್ಟಿಕ್ ಕಟ್ಟಿದ್ದ. ರಜೆಯಲ್ಲೂ ಬಂದು ಅಳೆದಿದ್ದಾನೆ. ನಂಬದಿದ್ದರೆ ತೋರಿಸಲಿಕ್ಕಿರಲಿ ಅಂತ ನೀರನ್ನೇ ಹಾಗೆ ಇಟ್ಟಿದ್ದಾನೆ. ನೂರರ ಒಂದು, ಹತ್ತರ ನಾಲ್ಕು, ಬಿಡಿ ಆರು. 146. ಕೊಡೆ ಹಿಡಿದದ್ದು ಅವನ ಅಜ್ಜಿ.

ಎರಡನೇ ತರಗತಿಯ ಪುಸ್ತಕದಲ್ಲಿ ನೂರು ಅಂದರೆ ಹತ್ತು ಕಂತೆ ಕಡ್ಡಿ. ಇವರಿಗೆ ಅವತ್ತಿನಿಂದ ನೂರು ಅಂದರೆ ಶಾಲೆಗೆ ರಜೆ ಕೊಡುವಷ್ಟು ಮಳೆ! 64.5 ಮಿ.ಮೀ.ನಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5 ಆದರೆ ಅತ್ಯಂತ ಭಾರಿ ಅಂತ ಹವಾಮಾನ ಇಲಾಖೆ ವಿಂಗಡಿಸುವುದನ್ನು ಹೇಳಿ ಗೋಡೆ ಮೇಲೆ ಆ ಮೂರು ಮಟ್ಟಕ್ಕೆ ಅಡ್ಡಗೆರೆ ಎಳೆದೆವು. ಮೊದಲನೆಯದನ್ನು ನಮ್ಮ ಗೀಟುಗಳು ಆಗಾಗ ದಾಟುತ್ತಿದ್ದವು. ಮೂರನೆಯದಕ್ಕೆ ಈ ಅವಧಿಯಲ್ಲಿ ಯಾವುದೂ ಹೋಗಲಿಲ್ಲ.

ಪಂಚಾಯಿತಿ ಕಚೇರಿ ಹತ್ತಿರ ಸೋಲಾರ್ ಫಲಕ ಇರುವ ಒಂದು ಮಾಪಕ ಇದೆ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು. ಅದು ತಾನಾಗಿಯೇ ಅಳೆದು ಬೆಂಗಳೂರಿಗೆ ಕಳಿಸುತ್ತದೆ. ಆ ಅಂಕಿ ತಂದು ಹೋಲಿಸಿದರೆ ಕೆಲವು ದಿನ ಹತ್ತಿರ, ಕೆಲವು ದಿನ ತುಂಬಾ ದೂರ. ಯಾವುದು ಸರಿ ಅಂತ ಮಕ್ಕಳು ಕೇಳಿದರು. ಅಳೆಯುವ ಹೊತ್ತು ಬೇರೆ, ಜಾಗವೂ ಬೇರೆ, ಗುಡ್ಡದ ಆಚೆ ಸುರಿದದ್ದು ಈಚೆ ಸುರಿಯಬೇಕು ಅಂತೇನಿಲ್ಲ. ಎರಡೂ ಸರಿ ಇರಬಹುದು ಅನ್ನುವ ಉತ್ತರ ಐದನೆಯವರಿಗೆ ಹಿಡಿಸಲಿಲ್ಲ.

ಮಘೆ, ಹುಬ್ಬೆ: ಸೂರಿನ ನೀರು

1 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಅಂದರೆ 1 ಲೀಟರ್. ಇದೊಂದು ಗೊತ್ತಾದರೆ ಮುಂದಿನದು ಮಕ್ಕಳೇ ಮಾಡುತ್ತಾರೆ. ಟೇಪ್ ಹಿಡಿದು ಸೂರಿನಡಿ ಅಳೆದರು, ಕೊಠಡಿಯ ಮಾಡು (ಛಾವಣಿ) 10 ಮೀಟರ್ ಉದ್ದ, 6 ಮೀಟರ್ ಅಗಲ. 60ನ್ನು 146ರಿಂದ ಗುಣಿಸಿದರೆ 8,760 ಲೀಟರ್. ಸಾವಿರ ಲೀಟರಿನ ಸಿಂಟೆಕ್ಸ್ ಎಂಟು ತುಂಬಿ ಒಂಬತ್ತನೆಯದಕ್ಕೆ ಮುಕ್ಕಾಲು, ಅದೂ ಒಂದೇ ದಿನದಲ್ಲಿ. ಮಾರ್ಚ್‌ನಲ್ಲಿ ನಾವು ಕೊಡ ಹಿಡಿದು ಕೆಳಗಿನ ಮನೆ ಬಾವಿಗೆ ಹೋಗುತ್ತೇವಲ್ಲ ಸಾರ್ ಅಂತ ಒಬ್ಬಳು ಕೇಳಿದಳು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಮಾಡಿದ್ದು ಚಿಕ್ಕದು. ಎಸ್‌ಡಿಎಂಸಿಯವರೊಬ್ಬರು (ಪೋಷಕರಿರುವ ಶಾಲಾ ಸಮಿತಿಯವರು) ಅಡಿಕೆ ಮರ ಸೀಳಿದ ದಂಬೆ, ಅಂದರೆ ನೀರು ಹರಿಸುವ ದೋಣಿ, ಕೊಟ್ಟರು. ಸೂರಿನ ಕೆಳಗೆ ಒಂದು ಕಡೆಗೆ ಇಳಿಜಾರಾಗಿ ಕಟ್ಟಿ, ಕೊನೆಗೆ 200 ಲೀಟರಿನ ಡ್ರಮ್ ಇಟ್ಟು, ಬುಡಕ್ಕೆ ನಲ್ಲಿ ಕೂರಿಸಿದೆವು. ಶೌಚಾಲಯಕ್ಕೆ, ಕೈತೋಟಕ್ಕೆ, ಬಿಸಿಯೂಟದ ತಟ್ಟೆ ಮೊದಲ ಸಲ ತೊಳೆಯೋಕೆ ಅದೇ ನೀರು. ಕುಡಿಯೋಕಲ್ಲ, ಹೆಂಚಿನ ಪಾಚಿ ಎಲ್ಲ ಬರುತ್ತದೆ. ಡ್ರಮ್ ತುಂಬಿ ದಿನಾ ಹರಿದುಹೋಗುತ್ತಿತ್ತು, ಮಳೆಗಾಲದಲ್ಲಿ ಡ್ರಮ್ಮಿನ ಉಪಯೋಗ ಅಷ್ಟೇ. ಬೇಸಿಗೆಗೆ ಬೇಕಾದರೆ ತೊಟ್ಟಿ ಬೇಕು, ತೊಟ್ಟಿಗೆ ಅನುದಾನ ಬೇಕು. ಮಕ್ಕಳ ಲೆಕ್ಕದ ಹಾಳೆಯನ್ನೇ ಅರ್ಜಿಗೆ ಲಗತ್ತಿಸಿ ಪಂಚಾಯಿತಿಗೆ ಕೊಟ್ಟಿದ್ದೇವೆ.

ನಡುವೆ ರೂಪಣಾತ್ಮಕ ಮೌಲ್ಯಮಾಪನ ಎರಡೂ ಬಂದು ಹೋದವು, ಸ್ವಾತಂತ್ರ್ಯ ದಿನ, ಪ್ರತಿಭಾ ಕಾರಂಜಿ, ಶಾಲಾ ಸಂಸತ್ತಿನ ಚುನಾವಣೆ. ಅದರಲ್ಲಿ ಹವಾಮಾನ ಮಂತ್ರಿ ಅಂತ ಒಂದು ಹೊಸ ಖಾತೆ ಮಕ್ಕಳೇ ಸೇರಿಸಿದರು, ಯಾರು ಗೆದ್ದಿರಬಹುದು ಅಂತ ಹೇಳಬೇಕಿಲ್ಲ.

ಹಸ್ತ: ರಜೆಗೆ ಮುಂಚೆ

ಕ್ಯಾನ್ ಮಾಸಿದೆ, ಒಳಗೆ ಹಸಿರು ಪಾಚಿ. ಮುಷ್ಟಿ ಮರಳು, ಸ್ವಲ್ಪ ನೀರು ಹಾಕಿ ಕುಲುಕಿದರೆ ಹೋಗುತ್ತದೆ. ಎಂ-ಸೀಲ್ ಒಂದು ಕಡೆ ಬಿರುಕು ಬಿಟ್ಟಿತ್ತು, ಕೆರೆದು ಮತ್ತೆ ಮೆತ್ತಿದ್ದೇವೆ. ಬೇಸಿಗೆ ಬಿಸಿಲಿಗೆ ಬಿಟ್ಟರೆ ಕ್ಯಾನ್ ಪುಡಿಯಾಗುತ್ತದೆ, ಸ್ವಾತಿ ಮುಗಿದ ಮೇಲೆ ಒಳಗಿಡಬೇಕು. ದಸರಾ ರಜೆಯಲ್ಲಿ ಅಳೆಯೋಕೆ ಮೂವರ ಪಾಳಿ ಗೊತ್ತಾಗಿದೆ, ವಹಿ ಅಡುಗೆ ಅಕ್ಕನ ಮನೆಯಲ್ಲಿ. ರಜೆ ಮುಗಿಯುವುದರೊಳಗೆ ಚಿತ್ತೆ ಹುಟ್ಟಿರುತ್ತದೆ, ಅದಕ್ಕೆ ಗೋಡೆ ಮೇಲೆ ಜಾಗ ಬಿಟ್ಟಿದ್ದೇವೆ.

ಬಯಲುಸೀಮೆಯ ಶಾಲೆಯವರು ಮಾಡುವುದಾದರೆ ಅಳತೆ ಸ್ವಲ್ಪ ಬದಲಿಸಿಕೊಳ್ಳಿ. ಚಳ್ಳಕೆರೆಯಂಥ ಕಡೆ ವರ್ಷದ ಮಳೆಯೇ 500 ಮಿ.ಮೀ. ಆಸುಪಾಸು, ನೂರರ ಬಾಟಲಿ ಇಟ್ಟರೆ ಮಕ್ಕಳು ಕಾದು ಕಾದು ಬೇಸರ ಮಾಡಿಕೊಳ್ಳುತ್ತಾರೆ. ಬಾಯಿ ಅಗಲ ಮಾಡಿ. 20 ಸೆಂ.ಮೀ. ಅಡ್ಡಳತೆ ತಗೊಂಡರೆ ವಿಸ್ತೀರ್ಣ 314 ಚದರ ಸೆಂ.ಮೀ., ಮಿಲಿಮೀಟರಿಗೆ 31 ಮಿ.ಲೀ. ಬರುತ್ತದೆ, ಸಣ್ಣ ಮಳೆಯೂ ಕೈಗೆ ಸಿಗುತ್ತದೆ. 50 ಮಿ.ಲೀ. ಸಿರಿಂಜಿನಲ್ಲಿ 31ಕ್ಕೆ ಗೆರೆ ಹಚ್ಚಿ, ಹತ್ತರ ಬಾಟಲಿ 310 ಮಿ.ಲೀ. ಹಿಡಿಯುವಂಥದ್ದು ನೋಡಿ. ಗೋಡೆ ಚಿಕ್ಕದಾದರೂ ಸಾಕು, ಆದರೆ ಒಟ್ಟು ಮಳೆಯ ಕಂಬಕ್ಕೆ ಮಕ್ಕಳ ಮೊಣಕಾಲು, ಸೊಂಟದ ಗುರುತೂ ಹಾಕಿ, ಅಲ್ಲಿ ತಲೆವರೆಗೆ ಹೋಗುವುದು ಕಷ್ಟ. ಉಗುರು ಬಣ್ಣ ಕೆಂಪೇ ಇರಲಿ, ನೀರಿನ ಮುಂದೆ ಬೇರೆ ಬಣ್ಣ ಸರಿಯಾಗಿ ಕಾಣಲ್ಲ.